ಹ್ಯಾಂಡಲ್ ಹೋಯಿತು, ‘ಸೆಲ್ಫ್’ ಬಂತು

ಬಳ್ಳಾರಿಗೆ ಸಮೀಪದ ಸಂಗನಕಲ್ಲು ಎಂದೊಡನೆ ಇತಿಹಾಸ ಬಲ್ಲವರಿಗೆ ನೆನಪಾಗುವುದು ಕಲ್ಲಿನ ಕೊಡಲಿ. ನವಶಿಲಾಯುಗದ ಜನ ಇಲ್ಲಿನ ಗುಡ್ಡಗಳಲ್ಲಿ ನೆಲೆಸಿ, ಕಪ್ಪನೆಯ ಡೋಲೆರೈಟ್ ಶಿಲೆಯಿಂದ ಚಕ್ಕೆ ಎಬ್ಬಿಸಿ, ಅದನ್ನು ಬಂಡೆಯ ಮೇಲೆ ಉಜ್ಜಿ ಕೊಡಲಿ ತಯಾರಿಸುತ್ತಿದ್ದರು. 19ನೇ ಶತಮಾನದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಈ ಸೀಮೆಯ ಪ್ರಾಚೀನ ನೆಲೆಗಳನ್ನು ಗುರುತಿಸಿದರು. 1946ರಲ್ಲಿ ಬಿ. ಸುಬ್ಬರಾವ್ ಇಲ್ಲಿ ಉತ್ಖನನ ನಡೆಸಿದರು. ಅದೇ ಸೀಮೆಯ ಹೊಲಗಳಲ್ಲಿ ಇಂದು ಓಡುವುದು ಟ್ರ್ಯಾಕ್ಟರ್. ಕೊಡಲಿ ಕೆಟ್ಟರೆ ಏನಾಗಿದೆ ಎಂಬುದು ಕಣ್ಣಿಗೇ ಕಾಣುತ್ತಿತ್ತು: ಬಾಯಿ ಮೊಂಡಾಗಿದೆ, ಇಲ್ಲವೇ ಮುರಿದಿದೆ. ಟ್ರ್ಯಾಕ್ಟರ್ ಹಾಗಲ್ಲ. ಬಿತ್ತನೆಯ ಬೆಳಿಗ್ಗೆ ಕೀಲಿ ತಿರುಗಿಸಿದಾಗ ‘ಟಕ್’ ಎಂಬ ಸದ್ದೊಂದು ಬಂದು ಎಂಜಿನ್ ಸುಮ್ಮನಾದರೆ, ಕೆಟ್ಟದ್ದು ಎಲ್ಲಿ ಎಂಬುದು ಕಾಣುವುದಿಲ್ಲ. ಅದನ್ನು ಹುಡುಕಬೇಕು.

ಎರೆಭೂಮಿಯ ಹದ ಯಾರಿಗಾಗಿಯೂ ಕಾಯುವುದಿಲ್ಲ. ಇಂಥ ಹೊತ್ತಿನಲ್ಲಿ ರೈತರು ಸಾಮಾನ್ಯವಾಗಿ ಎರಡರಲ್ಲಿ ಒಂದನ್ನು ಮಾಡುತ್ತಾರೆ. ‘ಸೆಲ್ಫ್ ಹೋಗಿದೆ’ ಎಂದು ತೀರ್ಮಾನಿಸಿ ಇಡೀ ಮೋಟಾರನ್ನು ಬಿಚ್ಚಿ ಪೇಟೆಗೆ ಒಯ್ಯುತ್ತಾರೆ. ಇಲ್ಲವೇ ಸ್ಕ್ರೂಡ್ರೈವರ್ ಹಿಡಿದು ಅಡ್ಡದಾರಿಯಲ್ಲಿ ಎಂಜಿನ್ ಚಾಲೂ ಮಾಡಲು ಹೋಗುತ್ತಾರೆ. ಮೊದಲನೆಯದರಿಂದ ಹಣ ಹೋಗಬಹುದು. ಎರಡನೆಯದರಿಂದ ಪ್ರಾಣವೇ ಹೋಗಬಹುದು. ಈ ಸ್ಟಾರ್ಟರ್ ಎಂಬ ಸಾಧನ ಜನಪ್ರಿಯವಾದದ್ದೇ ಮನುಷ್ಯನ ಕೈ ಮುರಿಯದಿರಲಿ ಎಂಬ ಕಾರಣಕ್ಕೆ ಎಂಬುದನ್ನು ನೆನೆದರೆ, ಇದೊಂದು ವಿಪರ್ಯಾಸ.

ಕೈ ಮುರಿಯುತ್ತಿದ್ದ ಕಾಲ

ಎಂಜಿನ್ ತಾನಾಗಿ ಚಾಲೂ ಆಗುವುದಿಲ್ಲ. ಅದರ ಸಿಲಿಂಡರಿನೊಳಗೆ ಗಾಳಿ ಸೇರಬೇಕು, ಒತ್ತಡಕ್ಕೆ ಸಿಗಬೇಕು, ಇಂಧನ ಹೊತ್ತಿಕೊಳ್ಳಬೇಕು. ಆ ಮೊದಲ ಕೆಲವು ಸುತ್ತುಗಳನ್ನು ಹೊರಗಿನಿಂದ ಯಾರಾದರೂ ತಿರುಗಿಸಿಕೊಡಲೇಬೇಕು. ಮೋಟಾರು ವಾಹನಗಳ ಆರಂಭದ ದಶಕಗಳಲ್ಲಿ ಈ ಕೆಲಸ ಮನುಷ್ಯನ ತೋಳಿನದಾಗಿತ್ತು. ಮುಂಭಾಗದ ತೂತಿಗೆ ಕಬ್ಬಿಣದ ಹ್ಯಾಂಡಲ್ ತೂರಿಸಿ, ಮೈಯ ಬಲವನ್ನೆಲ್ಲ ಹಾಕಿ ತಿರುಗಿಸಬೇಕಿತ್ತು. ಹಳೆಯ ಲಾರಿ, ಜೀಪುಗಳನ್ನು ಕಂಡ ಹಿರಿಯರಿಗೆ, ಕ್ಲೀನರ್ ಬೆವರು ಸುರಿಸುತ್ತ ಹ್ಯಾಂಡಲ್ ಹೊಡೆಯುತ್ತಿದ್ದ ನೋಟ ಮರೆತಿರಲಾರದು. ಅಂಬಾಸಿಡರ್ ಕಾರಿನ ಹಳೆಯ ಮಾದರಿಗಳಲ್ಲಿಯೂ ಹ್ಯಾಂಡಲಿಗೆ ವ್ಯವಸ್ಥೆ ಇತ್ತು.

ಶ್ರಮಕ್ಕಿಂತ ದೊಡ್ಡದು ಅಪಾಯ. ಪಿಸ್ಟನ್ ಮೇಲೇರಿ ಮುಗಿಯುವ ಮೊದಲೇ ಕಿಡಿ ಹಾರಿದರೆ ಎಂಜಿನ್ ಹಿಮ್ಮುಖವಾಗಿ ಒದೆಯುತ್ತಿತ್ತು. ಆ ಏಟಿಗೆ ಮಣಿಕಟ್ಟು, ಮುಂಗೈ ಮುರಿಯುತ್ತಿದ್ದವು. ಆದ್ದರಿಂದಲೇ ಹೆಬ್ಬೆರಳನ್ನು ಹಿಡಿಕೆಯ ಸುತ್ತ ಸುತ್ತದೆ ಉಳಿದ ಬೆರಳುಗಳ ಕಡೆಗೇ ಇಟ್ಟುಕೊಳ್ಳಬೇಕು, ಹ್ಯಾಂಡಲನ್ನು ಕೆಳಕ್ಕೆ ಅದುಮದೆ ಮೇಲಕ್ಕೆ ಎಳೆಯಬೇಕು ಎಂದು ಹೊಸ ಚಾಲಕರಿಗೆ ಮೊದಲ ಪಾಠ ಹೇಳಲಾಗುತ್ತಿತ್ತು.

ಅಮೆರಿಕದಲ್ಲಿ ಬೈರನ್ ಕಾರ್ಟರ್ ಎಂಬ ಕಾರು ತಯಾರಕ 1908ರಲ್ಲಿ ತೀರಿಕೊಂಡ. ದಾರಿಯಲ್ಲಿ ನಿಂತಿದ್ದ ಮಹಿಳೆಯೊಬ್ಬಳ ಕಾರಿಗೆ ಹ್ಯಾಂಡಲ್ ಹೊಡೆಯಲು ಹೋಗಿ ಏಟು ತಿಂದದ್ದೇ ಅವನ ಸಾವಿಗೆ ಕಾರಣ ಎಂಬ ಕಥೆ ಪ್ರಚಾರದಲ್ಲಿದೆ. ವಿವರಗಳ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಆದರೆ ಕ್ಯಾಡಿಲಾಕ್ ಕಂಪನಿಯ ಮುಖ್ಯಸ್ಥ ಹೆನ್ರಿ ಲೆಲೆಂಡ್ ಹ್ಯಾಂಡಲನ್ನು ತೊಲಗಿಸಬೇಕೆಂದು ಹಟ ಹಿಡಿದದ್ದಕ್ಕೆ ಈ ಸಾವಿನ ನೆನಪನ್ನೇ ಕಾರಣವಾಗಿ ಹೇಳಲಾಗುತ್ತದೆ.

ಗಲ್ಲಾಪೆಟ್ಟಿಗೆಯಿಂದ ಕಾರಿಗೆ

ಲೆಲೆಂಡನ ಬಯಕೆಯನ್ನು ಈಡೇರಿಸಿದವನು ಚಾರ್ಲ್ಸ್ ಕೆಟರಿಂಗ್. ಒಹಾಯೊ ರಾಜ್ಯದ ಡೇಟನ್ ನಗರದಲ್ಲಿ ಅಂಗಡಿಗಳ ಹಣದ ಪೆಟ್ಟಿಗೆ ತಯಾರಿಸುವ ಕಂಪನಿಯಲ್ಲಿ ಆತ ಎಂಜಿನಿಯರ್ ಆಗಿದ್ದ. ಕೈಯಿಂದ ತಿರುಗಿಸುತ್ತಿದ್ದ ಗಲ್ಲಾಪೆಟ್ಟಿಗೆಗೆ ಪುಟ್ಟ ವಿದ್ಯುತ್ ಮೋಟಾರ್ ಜೋಡಿಸಿದ್ದು ಅವನ ಹೆಗ್ಗಳಿಕೆ. ಅಲ್ಲಿ ಅವನಿಗೆ ಒಂದು ಸತ್ಯ ಹೊಳೆದಿತ್ತು: ದಿನವಿಡೀ ದುಡಿಯಬೇಕಾದ ಮೋಟಾರ್ ದೊಡ್ಡದಿರಬೇಕು; ಆದರೆ ಕ್ಷಣಕಾಲ ಮಾತ್ರ ದುಡಿಯುವ ಮೋಟಾರ್ ಚಿಕ್ಕದಿದ್ದರೂ ತನ್ನ ಗಾತ್ರಕ್ಕೆ ಮೀರಿದ ಬಲ ತೋರಬಲ್ಲದು.

ಎಂಜಿನನ್ನು ವಿದ್ಯುತ್ತಿನಿಂದ ತಿರುಗಿಸುವ ಯೋಚನೆ ಮೊದಲೇ ಇತ್ತು. ಕ್ಲೈಡ್ ಕೋಲ್‌ಮನ್ ಎಂಬಾತ 1903ರಲ್ಲಿ ಅದಕ್ಕೆ ಪೇಟೆಂಟ್ ಪಡೆದಿದ್ದ. ಆದರೆ ಕಾರಿನಲ್ಲಿ ಹಿಡಿಸುವಂಥ ಮೋಟಾರಿಗೆ ಅಷ್ಟು ಶಕ್ತಿ ಇರಲಾರದೆಂದು ಅನೇಕರು ಭಾವಿಸಿದ್ದರು. ಕೆಟರಿಂಗ್ ತನ್ನ ಗಲ್ಲಾಪೆಟ್ಟಿಗೆಯ ಅನುಭವದಿಂದ ಅದನ್ನು ಸುಳ್ಳು ಮಾಡಿದ. 1911ರಲ್ಲಿ ಪ್ರಯೋಗ ಯಶಸ್ವಿಯಾಯಿತು. 1912ರ ಮಾದರಿಯ ಕ್ಯಾಡಿಲಾಕ್ ಕಾರುಗಳು ಹ್ಯಾಂಡಲಿನ ಹಂಗಿಲ್ಲದೆ ಬೀದಿಗಿಳಿದವು. ಕಾರು ನಡೆಸಲು ತೋಳ್ಬಲ ಬೇಕೆಂಬ ಮಾತು ಅಲ್ಲಿಗೆ ಹಳತಾಯಿತು.

ಇನ್ನೊಂದು ತೊಡಕು ಉಳಿದಿತ್ತು. ಸ್ಟಾರ್ಟರಿನ ಪುಟ್ಟ ಹಲ್ಲುಚಕ್ರ ಎಂಜಿನಿನ ದೊಡ್ಡ ಚಕ್ರವನ್ನು ತಿರುಗಿಸಬೇಕು. ಎಂಜಿನ್ ಚಾಲೂ ಆದೊಡನೆ ಬಿಟ್ಟುಕೊಡಬೇಕು. ಬಿಡದಿದ್ದರೆ ಎಂಜಿನಿನ ವೇಗಕ್ಕೆ ಸಿಕ್ಕಿ ಮೋಟಾರ್ ಚೂರಾಗುತ್ತದೆ. ವಿನ್ಸೆಂಟ್ ಬೆಂಡಿಕ್ಸ್ ಎಂಬಾತ ತಿರುಪಿನಂಥ ದಂಡದ ಮೇಲೆ ಹಲ್ಲುಚಕ್ರ ಜಾರಿ ಮುಂದೆ ಹೋಗುವ, ಕೆಲಸ ಮುಗಿದಾಗ ತಾನೇ ಹಿಂದೆ ಸರಿಯುವ ಉಪಾಯ ಕಂಡುಹಿಡಿದ. ಇಂದಿನ ಟ್ರ್ಯಾಕ್ಟರುಗಳಲ್ಲಿ ಬಳಕೆಯಲ್ಲಿರುವುದು ಸುಧಾರಿಸಿದ ಬೇರೆ ವಿಧಾನ. ಆದರೂ ಗ್ಯಾರೇಜಿನ ಭಾಷೆಯಲ್ಲಿ ಆ ಭಾಗದ ಹೆಸರು ‘ಬೆಂಡಿಕ್ಸ್’ ಎಂದೇ ಉಳಿದಿದೆ. ‘ಬೆಂಡಿಕ್ಸ್ ಹೋಗಿದೆ’ ಎನ್ನುವ ಎಷ್ಟೋ ಮೆಕ್ಯಾನಿಕ್‌ಗಳಿಗೆ ಅದು ಒಬ್ಬ ಮನುಷ್ಯನ ಹೆಸರೆಂಬುದು ತಿಳಿದಿರಲಾರದು.

ಹೊಲಕ್ಕೆ ಇಳಿದದ್ದು

ಹೊಲದ ಯಂತ್ರಗಳಿಗೆ ಈ ಸೌಲಭ್ಯ ತಡವಾಗಿ ಬಂತು. 1917ರಲ್ಲಿ ಬಂದ ಫೋರ್ಡ್‌ಸನ್ ಟ್ರ್ಯಾಕ್ಟರಿಗೆ ಹ್ಯಾಂಡಲೇ ಗತಿ. ಜರ್ಮನಿಯ ಲಾಂಜ್ ಬುಲ್‌ಡಾಗ್ ಟ್ರ್ಯಾಕ್ಟರಿನಲ್ಲಿ ಮೊದಲು ಎಂಜಿನಿನ ತಲೆಯನ್ನು ಊದುದೀಪದಿಂದ ಕಾಯಿಸಿ, ಅನಂತರ ಸ್ಟಿಯರಿಂಗ್ ಚಕ್ರವನ್ನೇ ಕಿತ್ತು ಪಕ್ಕದ ಗಾಲಿಗೆ ಸಿಕ್ಕಿಸಿ ತಿರುಗಿಸಬೇಕಿತ್ತು. 1946ರಲ್ಲಿ ಇಂಗ್ಲೆಂಡಿನಲ್ಲಿ ತಯಾರಿಕೆ ಆರಂಭವಾದ ಫರ್ಗ್ಯುಸನ್ ಟಿಇ-20 ಟ್ರ್ಯಾಕ್ಟರ್ ಈ ಕಥೆಯಲ್ಲಿ ಮುಖ್ಯವಾದದ್ದು. ಅದರ ಸ್ಟಾರ್ಟರಿಗೆ ಬೇರೆ ಗುಂಡಿಯೇ ಇರಲಿಲ್ಲ. ಗೇರಿನ ಕೋಲನ್ನು ‘ಎಸ್’ ಎಂಬ ಜಾಗಕ್ಕೆ ತಂದಾಗ ಮಾತ್ರ ಸ್ಟಾರ್ಟರ್ ತಿರುಗುತ್ತಿತ್ತು. ಅಂದರೆ ಟ್ರ್ಯಾಕ್ಟರ್ ಗೇರಿನಲ್ಲಿದ್ದಾಗ ಎಂಜಿನ್ ಚಾಲೂ ಮಾಡಲು ಸಾಧ್ಯವೇ ಇರಲಿಲ್ಲ. ಚಾಲೂ ಆದ ಯಂತ್ರ ಮುಂದಕ್ಕೆ ನುಗ್ಗಬಾರದೆಂಬ ಎಚ್ಚರವನ್ನು ಯಂತ್ರದಲ್ಲೇ ಕೂರಿಸಲಾಗಿತ್ತು.

ಭಾರತದಲ್ಲಿ ಐಷರ್ ಕಂಪನಿ 1959ರಲ್ಲಿ ಫರೀದಾಬಾದಿನಲ್ಲಿ ಟ್ರ್ಯಾಕ್ಟರ್ ತಯಾರಿಕೆ ಆರಂಭಿಸಿತು. ಬೆಂಗಳೂರಿನಲ್ಲಿ ಹುಟ್ಟಿದ ಎಚ್.ಎಂ.ಟಿ. 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ ಝೀಟರ್ ಮಾದರಿಯ ಟ್ರ್ಯಾಕ್ಟರ್ ತಯಾರಿಸತೊಡಗಿತು. ಬಿಡಿಭಾಗಗಳಿಗೂ ದೇಶದಲ್ಲೇ ಕಾರ್ಖಾನೆಗಳು ಬಂದವು. 1951ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಮೈಕೋ ಡೀಸೆಲ್ ಪಂಪ್ ಮತ್ತು ಸ್ಪಾರ್ಕ್ ಪ್ಲಗ್ ಕೊಟ್ಟರೆ, 1961ರಲ್ಲಿ ಆರಂಭವಾದ ಚೆನ್ನೈನ ಲ್ಯೂಕಾಸ್-ಟಿವಿಎಸ್ ಸ್ಟಾರ್ಟರ್, ಡೈನಮೊಗಳನ್ನು ಕೊಟ್ಟಿತು. 1967ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ವಿಎಸ್‌ಟಿ ಸಂಸ್ಥೆ ಜಪಾನಿನ ಮಿತ್ಸುಬಿಷಿಯ ಸಹಯೋಗದಿಂದ ಪವರ್ ಟಿಲ್ಲರ್ ತಂದಿತು.

ಬಳ್ಳಾರಿ ಜಿಲ್ಲೆಯ ಮಟ್ಟಿಗೆ ತಿರುವು ತಂದದ್ದು ತುಂಗಭದ್ರಾ ಅಣೆಕಟ್ಟು. 1953ರಲ್ಲಿ ನೀರು ಹರಿಯತೊಡಗಿದ ಮೇಲೆ ಸಿರುಗುಪ್ಪ ಭತ್ತದ ಸೀಮೆಯಾಯಿತು. ಗದ್ದೆಯ ಕೆಸರು ಕಲೆಸಲು ಕಬ್ಬಿಣದ ಗಾಲಿಯ ಟ್ರ್ಯಾಕ್ಟರ್ ಇಳಿಯಿತು. ಹೀಗೆ ಕೆಸರಿನಲ್ಲಿ ದುಡಿಯುವ ಟ್ರ್ಯಾಕ್ಟರಿನ ಸ್ಟಾರ್ಟರ್, ಎಂಜಿನಿನ ಪಕ್ಕದಲ್ಲಿ ಕೆಳಗಡೆ ಇರುವುದರಿಂದ, ಕೆಸರು ನೀರಿಗೆ ಸುಲಭವಾಗಿ ಒಡ್ಡಿಕೊಳ್ಳುತ್ತದೆ. ಒಣಹೊಲದಲ್ಲಿ ಅದಕ್ಕೆ ಧೂಳಿನ ಕಾಟ. ಸುಗ್ಗಿ ಮುಗಿದ ಮೇಲೆ ವಾರಗಟ್ಟಲೆ ನಿಂತೇ ಇರುವುದು ಮತ್ತೊಂದು ಕಾಟ. ಬ್ಯಾಟರಿ ಬಳಸದೆ ಇಟ್ಟರೂ ತಾನಾಗಿ ಇಳಿಯುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಳ್ಳಾರಿಯ ಬಿಸಿಲಿಗೆ ಅದರ ನೀರು ಆರುತ್ತದೆ, ಆಯುಸ್ಸು ಕುಗ್ಗುತ್ತದೆ. ಬೇಸಿಗೆಯಲ್ಲಿ ಆದ ಹಾನಿ ಬಿತ್ತನೆಯ ದಿನ ಬೆಳಕಿಗೆ ಬರುತ್ತದೆ.

ಚಳಿನಾಡಿನಲ್ಲಿ ಇದರ ತಿರುಗುಮುರುಗು ಕಥೆ. ಕೆನಡಾದ ಆರ್ಥರ್ ಸಿಕಾರ್ 1925ರಲ್ಲಿ ಹಿಮ ಎಸೆಯುವ ಯಂತ್ರ ರೂಪಿಸಿದ. ಅದರ ಚಿಕ್ಕ ರೂಪಗಳು ಇಂದು ಅಮೆರಿಕ, ಕೆನಡಾಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೂ ಪರಿಚಿತ. ಅವುಗಳಲ್ಲಿ ಹಲವಕ್ಕೆ ಬ್ಯಾಟರಿಯೇ ಇಲ್ಲ; ಮನೆಯ ಪ್ಲಗ್ಗಿನಿಂದ ತಂತಿ ಎಳೆದು ಸ್ಟಾರ್ಟರ್ ತಿರುಗಿಸುತ್ತಾರೆ. ಅಲ್ಲಿ ಚಳಿಗೆ ಎಣ್ಣೆ ಗಟ್ಟಿಯಾಗಿ, ಹಳೆಯ ಗ್ರೀಸು ಅಂಟಾಗಿ ಬೆಂಡಿಕ್ಸ್ ಕಚ್ಚಿಕೊಳ್ಳುತ್ತದೆ. ಮೋಟಾರ್ ಗಿರ್ರೆಂದು ತಿರುಗುತ್ತದೆ, ಎಂಜಿನ್ ಅಲುಗುವುದಿಲ್ಲ. ಬಳ್ಳಾರಿಯಲ್ಲಿ ಕೆಸರು ಮಾಡುವ ಕೆಲಸವನ್ನು ಅಲ್ಲಿ ಹಿಮ ಮಾಡುತ್ತದೆ. ಹುಡುಕುವ ದಾರಿ ಮಾತ್ರ ಎರಡೂ ಕಡೆ ಒಂದೇ.

ಸದ್ದೇ ಸಾಕ್ಷಿ

ಆ ದಾರಿ ಅರ್ಥವಾಗಬೇಕಾದರೆ ವಿದ್ಯುತ್ತು ಹರಿಯುವ ಕ್ರಮ ತಿಳಿದಿರಬೇಕು. ಕೀಲಿ ತಿರುಗಿಸಿದಾಗ ಸಣ್ಣ ತಂತಿಯ ಮೂಲಕ ಸ್ವಲ್ಪ ವಿದ್ಯುತ್ತು, ಗೇರ್ ಅಥವಾ ಕ್ಲಚ್ಚಿನ ಸುರಕ್ಷಾ ಸ್ವಿಚ್ಚು ದಾಟಿ, ಸ್ಟಾರ್ಟರಿನ ಮೇಲಿರುವ ಸೊಲೆನಾಯ್ಡ್ ಎಂಬ ಸುರುಳಿಗೆ ಬರುತ್ತದೆ. ಸುರುಳಿ ಅಯಸ್ಕಾಂತವಾಗಿ ಒಳಗಿನ ಕಬ್ಬಿಣದ ದಿಂಡನ್ನು ಎಳೆಯುತ್ತದೆ. ಆ ದಿಂಡು ಒಂದು ಕಡೆ ಹಲ್ಲುಚಕ್ರವನ್ನು ಎಂಜಿನಿನ ರಿಂಗ್ ಗೇರಿಗೆ ತಳ್ಳುತ್ತದೆ. ಇನ್ನೊಂದು ಕಡೆ ತಾಮ್ರದ ದಪ್ಪ ತುಂಡುಗಳನ್ನು ಕೂಡಿಸಿ ಬ್ಯಾಟರಿಯ ಪೂರ್ಣ ಪ್ರವಾಹವನ್ನು ಮೋಟಾರಿಗೆ ಬಿಡುತ್ತದೆ. ‘ಟಕ್’ ಎಂಬ ಸದ್ದು ಈ ದಿಂಡಿನದು.

ಆ ಪ್ರವಾಹ ಚಿಕ್ಕದಲ್ಲ. 12 ವೋಲ್ಟಿನಲ್ಲಿ 200 ಆಂಪಿಯರ್ ಹರಿದರೆ 2400 ವಾಟ್. ಅಂದರೆ ಮೂರು ಅಶ್ವಶಕ್ತಿಗೂ ಹೆಚ್ಚು. ಮನೆಯ 60 ವಾಟ್ ಬಲ್ಬು ಎಳೆಯುವುದು ಕಾಲು ಆಂಪಿಯರ್ ಮಾತ್ರ. ಇಷ್ಟು ಪ್ರವಾಹ ಹರಿಯುವ ದಾರಿಯಲ್ಲಿ ಒಂದು ಓಮ್‌ನ ನೂರನೇ ಒಂದು ಭಾಗದಷ್ಟು ತಡೆ ಬಂದರೂ ಎರಡು ವೋಲ್ಟ್ ಅಲ್ಲೇ ನಷ್ಟವಾಗುತ್ತದೆ. ಬ್ಯಾಟರಿಯ ತುದಿಯಲ್ಲಿ ಕೂತ ಬಿಳಿ-ಹಸಿರು ಪುಡಿ, ಸಡಿಲವಾದ ಬೋಲ್ಟು, ತುಕ್ಕು ಹಿಡಿದ ‘ಅರ್ಥ್’ ಪಟ್ಟಿ ಇವಿಷ್ಟೇ ಸಾಕು, ಒಳ್ಳೆಯ ಸ್ಟಾರ್ಟರನ್ನು ಕೆಟ್ಟದ್ದೆಂದು ತೋರಿಸಲು. ಡೀಸೆಲ್ ಎಂಜಿನಿಗೆ ಇದು ಇನ್ನೂ ಕಷ್ಟ. ಅದರಲ್ಲಿ ಕಿಡಿ ಇಲ್ಲ. ಗಾಳಿಯನ್ನು ರಭಸದಿಂದ ಒತ್ತಿದಾಗ ಹುಟ್ಟುವ ಶಾಖದಿಂದಲೇ ಇಂಧನ ಹೊತ್ತಬೇಕು. ನಿಧಾನವಾಗಿ ತಿರುಗಿದರೆ ಆ ಶಾಖ ಸೋರಿಹೋಗುತ್ತದೆ.

ಆದ್ದರಿಂದ ಅನುಭವಿ ಮೆಕ್ಯಾನಿಕ್ ಸ್ಪ್ಯಾನರ್ ಹಿಡಿಯುವ ಮೊದಲು ಕಿವಿಗೊಡುತ್ತಾನೆ. ಗೇರ್ ನ್ಯೂಟ್ರಲಿನಲ್ಲಿ, ಬ್ರೇಕು ಹಾಕಿ, ಗಾಲಿಗೆ ಕಲ್ಲು ಕೊಟ್ಟು, ದೀಪ ಹೊತ್ತಿಸಿ ಕೀಲಿ ತಿರುಗಿಸಿದರೆ ಅರ್ಧ ಉತ್ತರ ಸಿಕ್ಕಂತೆ.

ದೀಪವೂ ಇಲ್ಲ, ಸದ್ದೂ ಇಲ್ಲವೆಂದರೆ ದೋಷ ಬ್ಯಾಟರಿಯಲ್ಲಿ ಅಥವಾ ಅದರ ತುದಿಗಳಲ್ಲಿ. ದೀಪ ಮಂಕಾಗಿ ‘ಟಕ್ ಟಕ್ ಟಕ್’ ಎಂದು ಬಡಿದರೆ ಬ್ಯಾಟರಿ ಇಳಿದಿದೆ ಅಥವಾ ಜೋಡಣೆ ಹಾಳಾಗಿದೆ: ದಿಂಡು ಎಳೆದೊಡನೆ ವೋಲ್ಟೇಜು ಕುಸಿಯುತ್ತದೆ, ದಿಂಡು ಬಿಡುತ್ತದೆ, ಮತ್ತೆ ಎಳೆಯುತ್ತದೆ. ದೀಪ ಚೆನ್ನಾಗಿದ್ದು ಸದ್ದೇ ಬಾರದಿದ್ದರೆ ಕೀಲಿಯ ಸ್ವಿಚ್ಚು, ಸುರಕ್ಷಾ ಸ್ವಿಚ್ಚು ಇಲ್ಲವೇ ಸಣ್ಣ ತಂತಿಯನ್ನು ನೋಡಬೇಕು. ದೀಪ ಮಂಕಾಗದೆ ಒಂದೇ ಒಂದು ‘ಟಕ್’ ಬಂದು ಎಲ್ಲ ನಿಂತರೆ ಸೊಲೆನಾಯ್ಡಿನ ತಾಮ್ರದ ತುಂಡುಗಳು ಸುಟ್ಟಿರಬಹುದು ಅಥವಾ ಮೋಟಾರಿನ ಕಾರ್ಬನ್ ಸವೆದಿರಬಹುದು. ಮೋಟಾರ್ ತಿರುಗಿಯೂ ಎಂಜಿನ್ ತಿರುಗದಿದ್ದರೆ ಬೆಂಡಿಕ್ಸ್ ಅಥವಾ ರಿಂಗ್ ಗೇರಿನ ಹಲ್ಲು. ಒಂದು ‘ಟಕ್’ ಬಂದು ದೀಪ ಪೂರಾ ಕುಸಿದರೆ, ಬ್ಯಾಟರಿಯೂ ಜೋಡಣೆಯೂ ಸರಿಯಿದ್ದಲ್ಲಿ, ಎಂಜಿನ್ನೇ ಬಿಗಿದಿರುವ ಸಾಧ್ಯತೆಯನ್ನೂ ನೋಡಬೇಕಾಗುತ್ತದೆ.

ಅನಂತರ ಅಳತೆ. ಪೂರ್ಣ ತುಂಬಿದ ಬ್ಯಾಟರಿ ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12ಕ್ಕೆ ಇಳಿದಿದ್ದರೆ ಅದು ಬಹುತೇಕ ಖಾಲಿ. ಸ್ಟಾರ್ಟರ್ ತಿರುಗುವಾಗ ಬ್ಯಾಟರಿಯ ತುದಿಗಳಲ್ಲಿ 9.6ಕ್ಕಿಂತ ಕೆಳಗಿಳಿದರೆ ಮೊದಲು ಸಂಶಯಿಸಬೇಕಾದದ್ದು ಬ್ಯಾಟರಿಯನ್ನೇ. ಮೀಟರ್ ಇಲ್ಲದವರು ಕೂಡ ಎರಡು ಮೂರು ಸಲ ಪ್ರಯತ್ನಿಸಿದ ಮೇಲೆ ಕೀಲಿ ತೆಗೆದು ಜೋಡಣೆಗಳನ್ನು ಎಚ್ಚರದಿಂದ ಮುಟ್ಟಿ ನೋಡಬಹುದು. ಯಾವ ಜಾಗ ಬಿಸಿಯಾಗಿದೆಯೋ ಅಲ್ಲಿ ತಡೆ ಇದೆ. ತುದಿಗಳನ್ನು ಬಿಚ್ಚುವಾಗ ನೆಗೆಟಿವ್ ಮೊದಲು, ಜೋಡಿಸುವಾಗ ನೆಗೆಟಿವ್ ಕೊನೆಗೆ. ಬ್ಯಾಟರಿಯಿಂದ ಹೊಮ್ಮುವ ಜಲಜನಕಕ್ಕೆ ಒಂದು ಕಿಡಿ ತಾಗಿದರೆ ಸಿಡಿಯುತ್ತದೆ.

ಕೆಟರಿಂಗನ ತತ್ವವನ್ನು ಇಲ್ಲಿ ಮರೆಯಬಾರದು. ಈ ಮೋಟಾರ್ ಕ್ಷಣಕಾಲದ ದುಡಿಮೆಗೆಂದೇ ಹುಟ್ಟಿದ್ದು. ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ತಿರುಗಿಸದೆ, ನಡುವೆ ಒಂದೆರಡು ನಿಮಿಷ ಬಿಡುವು ಕೊಡಬೇಕು. ಎಂಜಿನ್ ಹಿಡಿಯಲಿಲ್ಲವೆಂದು ಬಿಡದೆ ತಿರುಗಿಸುವವರು ಇಲ್ಲದ ದೋಷವನ್ನು ತಾವೇ ಉಂಟುಮಾಡುತ್ತಾರೆ.

ಸ್ಕ್ರೂಡ್ರೈವರಿನ ಅಡ್ಡದಾರಿ

ಇಷ್ಟೆಲ್ಲ ನೋಡುವ ತಾಳ್ಮೆ ಇಲ್ಲದಾಗ ಹೊಲದಲ್ಲಿ ಕಾಣುವುದು ಮತ್ತೊಂದು ಅಭ್ಯಾಸ. ನೆಲದ ಮೇಲೆ ನಿಂತು, ಹಿಂಗಾಲಿಯ ಮುಂದೆ ಬಗ್ಗಿ, ಸ್ಟಾರ್ಟರಿನ ಎರಡು ಬೋಲ್ಟುಗಳಿಗೆ ಸ್ಕ್ರೂಡ್ರೈವರ್ ಅಡ್ಡ ಇಡುವುದು. ಕಿಡಿ ಹಾರುತ್ತದೆ, ಎಂಜಿನ್ ಚಾಲೂ ಆಗುತ್ತದೆ. ಆದರೆ ವಿದ್ಯುತ್ತು ಕೀಲಿಯನ್ನೂ ಸುರಕ್ಷಾ ಸ್ವಿಚ್ಚನ್ನೂ ದಾಟದೆ ನೇರವಾಗಿ ಬಂದಿರುತ್ತದೆ. ಟ್ರ್ಯಾಕ್ಟರ್ ಗೇರಿನಲ್ಲಿದ್ದರೆ ಆ ಕ್ಷಣವೇ ಮುಂದಕ್ಕೆ ನುಗ್ಗುತ್ತದೆ. ಅದರ ದಾರಿಯಲ್ಲಿ ನಿಂತವನು ಸ್ಕ್ರೂಡ್ರೈವರ್ ಹಿಡಿದವನೇ. ಡೀಸೆಲ್ ಎಂಜಿನಿಗೆ ಕಿಡಿಯ ಅಗತ್ಯವಿಲ್ಲದ ಕಾರಣ, ಕೀಲಿ ತೆಗೆದಿದೆಯೆಂದು ಅದು ಚಾಲೂ ಆಗದೆ ಇರುವುದಿಲ್ಲ. ಈ ರೀತಿಯ ಅಪಘಾತ ಜಗತ್ತಿನ ಅನೇಕ ದೇಶಗಳ ರೈತರನ್ನು ಬಲಿ ತೆಗೆದುಕೊಂಡಿದೆ. ಫರ್ಗ್ಯುಸನ್ ಟ್ರ್ಯಾಕ್ಟರಿನ ಗೇರುಕೋಲಿನಲ್ಲಿ 1946ರಷ್ಟು ಹಿಂದೆಯೇ ಅಡಕವಾಗಿದ್ದ ಎಚ್ಚರವನ್ನು ಒಂದು ಸ್ಕ್ರೂಡ್ರೈವರ್ ಅಳಿಸಿಹಾಕುತ್ತದೆ.

ಪಂಪ್‌ಸೆಟ್ಟಿನ ಸ್ಟಾರ್ಟರಿಗೂ ಈ ಮಾತು ಸಲ್ಲುತ್ತದೆ. ಹೆಸರು ಒಂದೇ ಆದರೂ ಅದು ಬೇರೆ ಸಾಧನ. ಹಸಿರು, ಕೆಂಪು ಗುಂಡಿಗಳ ಆ ಪೆಟ್ಟಿಗೆ ಮೋಟಾರನ್ನು ತಿರುಗಿಸುವುದಿಲ್ಲ, ಕಾಯುತ್ತದೆ. ಒಂದು ಫೇಸ್ ಹೋದಾಗ, ಹೊರೆ ಮಿತಿಮೀರಿದಾಗ ಅದರೊಳಗಿನ ರಿಲೇ ಬಿಟ್ಟುಕೊಳ್ಳುತ್ತದೆ. ‘ಸ್ಟಾರ್ಟರ್ ನಿಲ್ಲುತ್ತಿಲ್ಲ’ ಎಂದು ಕಡ್ಡಿ ಸಿಕ್ಕಿಸಿ, ಹಗ್ಗ ಕಟ್ಟಿ ಅದನ್ನು ಬಲವಂತವಾಗಿ ನಿಲ್ಲಿಸಿದರೆ ಸುಡುವುದು ಮೋಟಾರ್. ಪೆಟ್ಟಿಗೆ ಕೆಟ್ಟಿರಲಿಲ್ಲ, ಎಚ್ಚರಿಸುತ್ತಿತ್ತು ಎಂಬುದು ಆಮೇಲೆ ತಿಳಿಯುತ್ತದೆ.

ಹಳೆಯ ಯಂತ್ರಗಳ ವಿಷಯದಲ್ಲಿ ಈ ತಿಳಿವಳಿಕೆಯ ಬೆಲೆ ಹೆಚ್ಚು. ಎಚ್.ಎಂ.ಟಿ.ಯ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ನೀಡಿತು. ಕಾರ್ಖಾನೆ ಮುಚ್ಚಿದರೂ ಅದರ ಯಂತ್ರಗಳು ಹೊಲದಲ್ಲಿ ಉಳಿಯುತ್ತವೆ. ಅವನ್ನು ಉಳಿಸುವುದು ಹೊಸ ಬಿಡಿಭಾಗಕ್ಕಿಂತ ಹೆಚ್ಚಾಗಿ ದೋಷವನ್ನು ಕ್ರಮವಾಗಿ ಹುಡುಕಬಲ್ಲ ಮನುಷ್ಯ. ಒಂದು ಬಲ್ಬು, ಎರಡು ತುಂಡು ತಂತಿ, ಸ್ವಲ್ಪ ಬಿಸಿನೀರು ಮತ್ತು ಸೋಡಾಪುಡಿ: ಎಷ್ಟೋ ಸಲ ಇಷ್ಟರಲ್ಲೇ ‘ಸೆಲ್ಫ್ ಹೋಗಿದೆ’ ಎಂದ ಟ್ರ್ಯಾಕ್ಟರ್ ಮತ್ತೆ ಚಾಲೂ ಆಗುತ್ತದೆ.

ಸಂಗನಕಲ್ಲಿನಲ್ಲಿ ಸಿಕ್ಕ ಕೊಡಲಿಗಳಲ್ಲಿ ತಯಾರಿಕೆಯ ಹಂತಗಳು ಒಂದರ ಹಿಂದೆ ಒಂದು ಕಾಣುತ್ತವೆ: ಮೊದಲು ಚಕ್ಕೆ ಎಬ್ಬಿಸಿದ್ದು, ಆಮೇಲೆ ಕುಟ್ಟಿದ್ದು, ಕೊನೆಗೆ ಉಜ್ಜಿದ್ದು. ಹಂತ ತಪ್ಪಿದರೆ ಕಲ್ಲು ಒಡೆಯುತ್ತಿತ್ತು. ಕೆಟ್ಟ ಸ್ಟಾರ್ಟರಿನ ಮುಂದೆ ಕುಳಿತವನೂ ಬ್ಯಾಟರಿಯಿಂದ ಹೊರಟು, ತಂತಿ, ಸ್ವಿಚ್ಚು, ಸೊಲೆನಾಯ್ಡ್ ದಾಟಿ, ಕೊನೆಗಷ್ಟೇ ಮೋಟಾರಿಗೆ ಬರಬೇಕು. ಇಲ್ಲಿ ಹಂತ ತಪ್ಪಿದರೆ ಆಗುವ ನಷ್ಟ ಕಲ್ಲಿನದಷ್ಟೇ ಅಲ್ಲ.